ತೂಕದ ಯಂತ್ರವನ್ನು ಫೋನಿಗೆ ಜೋಡಿಸಲು ಸಿ++ ಬೇಕಾ?

ಪ್ರಶ್ನೆ: ಶಿರಸಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರಿಗೆ, ಒಂದೇ ಕೋಡಿನಿಂದ ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಫ್ಲಟ್ಟರ್‌ನಲ್ಲಿ ಬಿಲ್ಲಿಂಗ್ ಆ್ಯಪ್ ಮಾಡಿಕೊಡುತ್ತಿದ್ದೇನೆ. ಅವರ ಎಲೆಕ್ಟ್ರಾನಿಕ್ ತೂಕದ ಯಂತ್ರದ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ. ಯುಎಸ್‌ಬಿ ಕನ್ವರ್ಟರ್ ಕೇಬಲ್ ಹಾಕಿ, ಓಟಿಜಿ (ಫೋನಿನ ಪೋರ್ಟಿಗೆ ಬೇರೆ ಯುಎಸ್‌ಬಿ ಉಪಕರಣ ಚುಚ್ಚುವ ವ್ಯವಸ್ಥೆ) ಮೂಲಕ ಫೋನಿಗೆ ಜೋಡಿಸಿ, ತೂಕ ನೇರವಾಗಿ ಬಿಲ್ಲಿಗೆ ಬರುವಂತೆ ಮಾಡಬೇಕು. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಹತ್ತು ಸಾಲಿನ ಪೈಥಾನ್‌ಗೆ ತೂಕ ಬರುತ್ತದೆ. ಫೋನಿನಲ್ಲಿ ಅದೇ ಟಿಟಿವೈ ಫೈಲ್ (ಸೀರಿಯಲ್ ಪೋರ್ಟನ್ನು ಲಿನಕ್ಸ್ ತೋರಿಸುವ ಡಿವೈಸ್ ಫೈಲ್) ತೆರೆಯಲು ಹೋದರೆ 'ಪರ್ಮಿಷನ್ ಡಿನೈಡ್'. ಫ್ಲಟ್ಟರ್‌ನಿಂದ ಹಾರ್ಡ್‌ವೇರ್ ಮುಟ್ಟಲು ಆಗುವುದಿಲ್ಲ, ಎಲ್ಲವನ್ನೂ ಸಿ++ನಲ್ಲಿ ಬರೆ ಎಂದು ಗೆಳೆಯ ಹೇಳುತ್ತಾನೆ. ನಿಜವಾ? ವ್ಯಾಪಾರಿಯ ಮಗನ ಹತ್ತಿರ ಟೈಪ್-ಸಿ ಐಫೋನ್ ಇದೆ, ಅದರಲ್ಲೂ ನಡೆಯಬೇಕಂತೆ. ಕೊನೆಯದಾಗಿ, ಆ್ಯಪನ್ನು ಬೇರೆ ಫೋನಿಗೆ ಹಾಕಿಕೊಳ್ಳದಂತೆ ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ) ನೋಡಿ ಲಾಕ್ ಮಾಡಬಹುದಾ?

ಉತ್ತರ: ಗೆಳೆಯರ ಮಾತಿನಿಂದಲೇ ಶುರು ಮಾಡೋಣ. ಅದು ಸರಿಯಲ್ಲ, ಆದರೆ ಹಾಗೆ ನಂಬಿರುವವರು ಬಹಳ ಜನ ಇದ್ದಾರೆ. ಸಿ ಅಥವಾ ಸಿ++ ಬರೆದರೆ ಹಾರ್ಡ್‌ವೇರಿಗೆ ಹತ್ತಿರ ಹೋಗುತ್ತೇವೆ ಅನ್ನುವ ಲೆಕ್ಕ ಆರ್ಡುಯಿನೊದಂಥ ಬೋರ್ಡಿಗೆ ಸರಿ. ಅಲ್ಲಿ ನಿಮ್ಮ ಕೋಡ್ ಬಿಟ್ಟರೆ ಬೇರೆ ಯಾರೂ ಇಲ್ಲ. ಫೋನಿನಲ್ಲಿ ನಿಮ್ಮ ಆ್ಯಪ್ ನೂರಾರು ಆ್ಯಪ್‌ಗಳಲ್ಲಿ ಒಂದು. ಫ್ಲಟ್ಟರಿನ ಭಾಷೆ ಡಾರ್ಟ್‌ನಲ್ಲಿ ಬರೆಯಿರಿ, ಆಂಡ್ರಾಯ್ಡಿನ ಭಾಷೆ ಕಾಟ್ಲಿನ್‌ನಲ್ಲಿ ಬರೆಯಿರಿ, ಸಿ++ನಲ್ಲಿ ಬರೆಯಿರಿ, ಅದಕ್ಕೆ ಸಿಗುವ ಅಧಿಕಾರ ಒಂದೇ.

'ಪರ್ಮಿಷನ್ ಡಿನೈಡ್' ಯಾಕೆ ಬಂತು ಅಂತ ನೋಡಿದರೆ ಇದು ತಿಳಿಯುತ್ತದೆ. ಆಂಡ್ರಾಯ್ಡ್ ಒಳಗಿರುವುದು ಲಿನಕ್ಸೇ. ಆದರೆ ಇನ್‌ಸ್ಟಾಲ್ ಮಾಡಿದ ಪ್ರತಿ ಆ್ಯಪಿಗೂ ಅದು ಬೇರೆ ಬೇರೆ ಯೂಸರ್ ಐಡಿ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ನಿಮ್ಮ ಯೂಸರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿಕೊಂಡಿರುತ್ತೀರಿ, ಅದಕ್ಕೇ ಪೈಥಾನ್‌ಗೆ ಟಿಟಿವೈ ಫೈಲ್ ತೆರೆಯಿತು. ಫೋನಿನಲ್ಲಿ ನಿಮ್ಮ ಆ್ಯಪನ್ನು ಅಂಥ ಗುಂಪಿಗೆ ಸೇರಿಸುವ ದಾರಿಯೇ ಇಲ್ಲ. ಅದರ ಮೇಲೆ ಎಸ್‌ಇ-ಲಿನಕ್ಸ್ ಕಾವಲಿದೆ. ಆಂಡ್ರಾಯ್ಡ್ 5.0ರಿಂದ ಇದು ಪೂರ್ತಿ ಜಾರಿಯಲ್ಲಿದೆ. ಫೈಲಿನ ಪರ್ಮಿಷನ್ ಸರಿಯಿದ್ದರೂ, 'ಸಾಮಾನ್ಯ ಆ್ಯಪ್ ಈ ಬಗೆಯ ಡಿವೈಸ್ ಫೈಲ್ ಮುಟ್ಟಬಾರದು' ಅಂತ ನಿಯಮ ಇದ್ದರೆ ಓಎಸ್‌ನ ತಿರುಳಾದ ಕರ್ನಲ್ ಅಲ್ಲೇ ತಡೆಯುತ್ತದೆ. ಎಷ್ಟೋ ಫೋನುಗಳ ಕರ್ನಲ್‌ನಲ್ಲಿ ನಿಮ್ಮ ಕೇಬಲ್ಲಿನ ಚಿಪ್ಪಿಗೆ ಡ್ರೈವರೇ ಇರುವುದಿಲ್ಲ. ಆಗ ಟಿಟಿವೈ ಫೈಲೇ ಹುಟ್ಟುವುದಿಲ್ಲ. ಸಿ++ನಲ್ಲಿ ಬರೆದು ಇದರಲ್ಲಿ ಯಾವುದನ್ನು ದಾಟುತ್ತೀರಿ?

ಬ್ಯಾಂಕಿನ ಕೌಂಟರ್ ಇದ್ದ ಹಾಗೆ ಅಂದುಕೊಳ್ಳಿ. ಚೀಟಿಯನ್ನು ಕನ್ನಡದಲ್ಲಿ ತುಂಬಿದರೂ ಇಂಗ್ಲಿಷಿನಲ್ಲಿ ತುಂಬಿದರೂ ಹಣ ಕಿಟಕಿಯಿಂದಲೇ ಬರುತ್ತದೆ, ಖಜಾನೆಯೊಳಗೆ ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಫೋನಿನಲ್ಲಿ ಹಾರ್ಡ್‌ವೇರ್ ಕೆಲಸ ಬಂದಾಗಲೆಲ್ಲ ಮೊದಲು ಹುಡುಕಬೇಕಾದ್ದು, ಈ ಕೆಲಸಕ್ಕೆ ಓಎಸ್ ಯಾವ ಕಿಟಕಿ ತೆರೆದಿದೆ ಅಂತ. ಭಾಷೆಯ ಮಾತು ಆಮೇಲೆ.

ರೂಟ್ ಮಾಡಿ (ಫೋನಿನ ಪೂರ್ತಿ ಅಧಿಕಾರ ಕೈಗೆ ತಗೊಂಡು), ಫೈಲಿನ ಮೋಡ್ 666 ಮಾಡಿ (ಯಾರು ಬೇಕಾದರೂ ಓದಿ ಬರೆಯುವಂತೆ) ಅಂತ ಹೇಳಿಕೊಡುವ ವಿಡಿಯೊಗಳು ಸಿಗುತ್ತವೆ. ನಿಮ್ಮ ಮೇಜಿನ ಮೇಲಿನ ಹಳೆ ಫೋನಿನಲ್ಲಿ ಆಟ ಆಡಲು ಸರಿ. ಆದರೆ ವ್ಯಾಪಾರಿಯ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇರುತ್ತದೆ, ಯುಪಿಐ ಇರುತ್ತದೆ. ರೂಟ್ ಆದ ಫೋನಿನಲ್ಲಿ ಅವುಗಳಲ್ಲಿ ಹಲವು ಕೈಕೊಡುತ್ತವೆ. ತೂಕ ತೋರಿಸಿ ಹಣ ಕೊಡುವುದನ್ನು ತಪ್ಪಿಸುವ ಆ್ಯಪ್ ಯಾರಿಗೆ ಬೇಕು?

ಸರಿ, ಕಿಟಕಿ ಯಾವುದು? ಆಂಡ್ರಾಯ್ಡ್ 3.1ರಿಂದ, ಅಂದರೆ 2011ರಿಂದ, ಯುಎಸ್‌ಬಿ ಹೋಸ್ಟ್ ಎಪಿಐ ಇದೆ, ಅಂದರೆ ಫೋನಿಗೆ ಚುಚ್ಚಿದ ಉಪಕರಣದ ಜೊತೆ ಆ್ಯಪ್ ಮಾತಾಡಲು ಓಎಸ್ ಕೊಟ್ಟ ದಾರಿ. ಫೋನಿಗೆ ಏನು ಚುಚ್ಚಿದ್ದಾರೆ ಅಂತ ಯುಎಸ್‌ಬಿ ಮ್ಯಾನೇಜರ್ ಹೇಳುತ್ತದೆ. ನೀವು ಬಳಕೆದಾರರನ್ನು ಅನುಮತಿ ಕೇಳುತ್ತೀರಿ. ಅವರು 'ಸರಿ' ಒತ್ತಿದರೆ ಆ ಡಿವೈಸಿಗೆ ಒಂದು ಕನೆಕ್ಷನ್ ಸಿಗುತ್ತದೆ. ಅದರ ಮೇಲೆ ಕಂಟ್ರೋಲ್ ಟ್ರಾನ್ಸ್‌ಫರ್ (ಸೆಟ್ಟಿಂಗ್ ಹೇಳಲು), ಬಲ್ಕ್ ಟ್ರಾನ್ಸ್‌ಫರ್ (ಡೇಟಾ ಸಾಗಿಸಲು) ಕಳಿಸಬಹುದು. ಟಿಟಿವೈ ಫೈಲ್ ಇಲ್ಲವೇ ಇಲ್ಲ. ಕರ್ನಲ್ ಡ್ರೈವರ್ ಮಾಡುತ್ತಿದ್ದ ಕೆಲಸವನ್ನು ನಿಮ್ಮ ಆ್ಯಪೇ ಮಾಡುತ್ತದೆ. ಇದಕ್ಕಿಂತ ಕೆಳಗಿನ ಮಟ್ಟ ಸಾಮಾನ್ಯ ಆ್ಯಪಿಗೆ ಸಿಗುವುದಿಲ್ಲ, ನಿಮ್ಮ ಕೆಲಸಕ್ಕೆ ಬೇಕಾಗಿಯೂ ಇಲ್ಲ.

ಗೆಳೆಯರು ಇನ್ನೂ ಒಪ್ಪದಿದ್ದರೆ ಲಿಬ್‌ಯುಎಸ್‌ಬಿ ತೋರಿಸಿ. ಸಿ ಜಗತ್ತಿನಲ್ಲಿ ಯುಎಸ್‌ಬಿ ಅಂದರೆ ಎಲ್ಲರೂ ಬಳಸುವ ಲೈಬ್ರರಿ ಅದು. ರೂಟ್ ಆಗದ ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಡಿವೈಸುಗಳನ್ನು ತಾನೇ ಹುಡುಕಲು ಬರುವುದಿಲ್ಲ. ಮೊದಲು ಜಾವಾ ಅಥವಾ ಕಾಟ್ಲಿನ್ ಕಡೆಯಿಂದ ಅನುಮತಿ ತೆಗೆದುಕೊಂಡು, ಕನೆಕ್ಷನ್ ತೆರೆದು, ಅದರ ಫೈಲ್ ಡಿಸ್ಕ್ರಿಪ್ಟರ್ ನಂಬರನ್ನು ಸಿ ಕಡೆಗೆ ಕೊಡಬೇಕು. ಲಿಬ್‌ಯುಎಸ್‌ಬಿಯಲ್ಲಿ ಆ ನಂಬರ್ ತೆಗೆದುಕೊಳ್ಳಲೆಂದೇ ಒಂದು ಫಂಕ್ಷನ್ ಇದೆ. ಸಿ++ ಕೂಡ ಅದೇ ಕಿಟಕಿಯ ಮುಂದೆ ಸಾಲು ನಿಲ್ಲಬೇಕು, ಅಲ್ವಾ?

ವೇಗಕ್ಕಾದರೂ ಬೇಕಾ ಅಂದರೆ ಲೆಕ್ಕ ಹಾಕಿ. ತೂಕದ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ. 18 ಅಕ್ಷರದ ಒಂದು ಸಾಲು ಬರಲು ಸುಮಾರು 19 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಫೋನಿನ ಪ್ರೊಸೆಸರಿಗೆ ನಿದ್ದೆ ಬಂದಿರುತ್ತದೆ. ಆಡಿಯೊದಲ್ಲಿ ಮಿಲಿಸೆಕೆಂಡ್ ಉಳಿಸಬೇಕು, ಕ್ಯಾಮೆರಾದ ಪ್ರತಿ ಫ್ರೇಮಿನ ಮೇಲೆ ಲೆಕ್ಕ ಮಾಡಬೇಕು, ಅಥವಾ ಮೊದಲೇ ಸಿ ನಲ್ಲಿ ಬರೆದಿಟ್ಟ ದೊಡ್ಡ ಲೈಬ್ರರಿ ಇದೆ ಅಂದರೆ ಎನ್‌ಡಿಕೆ (ಆಂಡ್ರಾಯ್ಡ್‌ಗೆ ಸಿ, ಸಿ++ ಬರೆಯುವ ಸಾಧನ) ಹಿಡಿಯಿರಿ. ಇಲ್ಲಿ ಅದು ಸುಮ್ನೆ ತಲೆನೋವು. ನೇಟಿವ್ ಲೈಬ್ರರಿ ಸೇರಿಸಿದರೆ ಅದನ್ನು 16 ಕೆಬಿ ಮೆಮೊರಿ ಪೇಜಿಗೆ ಹೊಂದುವಂತೆ ಬಿಲ್ಡ್ ಮಾಡುವ ಜವಾಬ್ದಾರಿಯೂ ಬರುತ್ತದೆ. ಆಂಡ್ರಾಯ್ಡ್ 15 ಟಾರ್ಗೆಟ್ ಮಾಡುವ ಆ್ಯಪ್‌ಗಳಿಗೆ 2025ರ ನವೆಂಬರ್ 1ರಿಂದ ಪ್ಲೇ ಸ್ಟೋರ್ ಇದನ್ನು ಕೇಳುತ್ತಿದೆ.

ಇನ್ನು ಕೆಲಸಕ್ಕೆ ಇಳಿಯೋಣ. ಕೋಡ್ ಬರೆಯುವ ಮೊದಲು ಕೇಬಲ್ ನೋಡಿ. ಯಂತ್ರದ ಪೋರ್ಟ್ ಆರ್‌ಎಸ್-232 ಆಗಿದ್ದರೆ ಅದರ ವೋಲ್ಟೇಜ್ ಪ್ಲಸ್ ಮೈನಸ್ ಎರಡೂ ಕಡೆ ಓಡಾಡುತ್ತದೆ, 12 ವೋಲ್ಟ್ ಆಸುಪಾಸು ಇರಬಹುದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಚಿಕ್ಕ ಯುಎಸ್‌ಬಿ ಸೀರಿಯಲ್ ಬೋರ್ಡುಗಳಲ್ಲಿ ಹಲವು 3.3 ಅಥವಾ 5 ವೋಲ್ಟಿನ ಟಿಟಿಎಲ್ ಬೋರ್ಡುಗಳು. ನೇರ ಜೋಡಿಸಿದರೆ ಸುಟ್ಟುಹೋಗಬಹುದು. ಒಂಬತ್ತು ಪಿನ್ನಿನ ತುದಿ ಇರುವ, ಆರ್‌ಎಸ್-232 ಎಂದೇ ಬರೆದಿರುವ ಕೇಬಲ್ ತಗೊಳ್ಳಿ. ಲ್ಯಾಪ್‌ಟಾಪಿನಲ್ಲಿ ಈಗಾಗಲೇ ನಡೆದಿದೆ ಅಂದಿರಿ, ಹಾಗಾಗಿ ನಿಮ್ಮ ಕೇಬಲ್ ಸರಿಯೇ ಇರಬೇಕು. ಮುಂದೆ ಬೇರೆ ಗಿರಾಕಿಗೆ ಕೊಡುವಾಗ ನೆನಪಿರಲಿ.

ಇಲ್ಲೇ ಇನ್ನೊಂದು ಮಾತು. ಯಂತ್ರ ಬಿಚ್ಚಿ, ಲೋಡ್ ಸೆಲ್‌ನಿಂದ (ಭಾರ ಅಳೆಯುವ ಸೆನ್ಸರ್) ನೇರವಾಗಿ ವೈರ್ ಎಳೆದು ತೂಕ ನಾವೇ ಲೆಕ್ಕ ಹಾಕೋಣ ಅನ್ನುವ ಉತ್ಸಾಹ ಕೆಲವರಿಗೆ ಬರುತ್ತದೆ. ಬೇಡ. ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ಪರಿಶೀಲನೆ ಆಗಿ ಮುದ್ರೆ ಬಿದ್ದಿರಬೇಕು. ಸೀಲ್ ಒಡೆದರೆ ತೊಂದರೆ ವ್ಯಾಪಾರಿಗೆ. ಯಂತ್ರ ತನ್ನ ಪರದೆಯಲ್ಲಿ ತೋರಿಸಿದ್ದನ್ನೇ ಪೋರ್ಟಿನಿಂದ ಓದಿ, ಅದನ್ನೇ ಬಿಲ್ಲಿಗೆ ಹಾಕಿ. ನಿಮ್ಮ ಆ್ಯಪ್ ತೂಕ ಮಾಡಬಾರದು, ಓದಬೇಕು ಅಷ್ಟೆ.

ಮುಂದೆ ಚಿಪ್ ಯಾವುದು ಅಂತ ಪತ್ತೆ ಮಾಡಿ. ಪ್ರತಿ ಯುಎಸ್‌ಬಿ ಡಿವೈಸಿಗೂ ವೆಂಡರ್ ನಂಬರ್, ಪ್ರಾಡಕ್ಟ್ ನಂಬರ್ ಇರುತ್ತದೆ. ಅಗ್ಗದ ಕೇಬಲ್ಲುಗಳಲ್ಲಿ ಜಾಸ್ತಿ ಕಾಣುವ ಸಿಎಚ್340 ಚಿಪ್ಪಿಗೆ 6790 ಮತ್ತು 29987. ಎಫ್‌ಟಿಡಿಐ ಕಂಪನಿಯ ಎಫ್‌ಟಿ232 ಚಿಪ್ಪಿಗೆ 1027 ಮತ್ತು 24577. ಮ್ಯಾನಿಫೆಸ್ಟ್ (ಆ್ಯಪಿನ ವಿವರಗಳ ಫೈಲ್) ಜೊತೆ ಇಡುವ ಡಿವೈಸ್ ಫಿಲ್ಟರ್ ಫೈಲಿನಲ್ಲಿ ಇವನ್ನು ಹೀಗೆ ದಶಮಾನದಲ್ಲೇ ಬರೆಯಿರಿ. ಲಿನಕ್ಸಿನ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆಯಲ್ಲಿ) ತೋರಿಸುತ್ತದೆ. ಅದನ್ನು ಪರಿವರ್ತಿಸದೆ ಹಾಗೇ ಅಂಟಿಸಿದರೆ ಫಿಲ್ಟರ್ ಹೊಂದುವುದಿಲ್ಲ, ಯಾವ ಎರರ್ ಕೂಡ ಬರುವುದಿಲ್ಲ.

ಈ ಚಿಪ್ಪುಗಳ ಡ್ರೈವರನ್ನು ನೀವೇ ಬರೆಯಬೇಡಿ. 'ಯುಎಸ್‌ಬಿ ಸೀರಿಯಲ್ ಫಾರ್ ಆಂಡ್ರಾಯ್ಡ್' ಅನ್ನುವ ಓಪನ್ ಸೋರ್ಸ್ ಲೈಬ್ರರಿ ಇದೆ. ಎಫ್‌ಟಿಡಿಐ, ಸಿಎಚ್340, ಸಿಪಿ2102, ಪಿಎಲ್2303 ನಾಲ್ಕೂ ಅದಕ್ಕೆ ಗೊತ್ತು. ಆದರೆ ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ, ಏನಾದರೂ ಕೆಟ್ಟಾಗ ಉಪಯೋಗಕ್ಕೆ ಬರುತ್ತದೆ. ಎಫ್‌ಟಿಡಿಐ ಚಿಪ್ಪನ್ನೇ ತಗೊಳ್ಳಿ. 9600 ಬಾಡ್ ಬೇಕು ಅಂತ ಅದಕ್ಕೆ ನೇರ ಹೇಳುವ ಹಾಗಿಲ್ಲ. ಅದರ ಮೂಲ ಗಡಿಯಾರ 30 ಲಕ್ಷ ಹರ್ಟ್ಸ್. ಅದನ್ನು 9600ರಿಂದ ಭಾಗಿಸಿದರೆ 312.5. 312 ಅಂದರೆ ಹೆಕ್ಸ್‌ನಲ್ಲಿ 138. ಉಳಿದ ಅರ್ಧಕ್ಕೆ ಮೇಲಿನ ಬಿಟ್‌ಗಳಲ್ಲಿ ಬೇರೆ ಗುರುತು. ಎರಡೂ ಸೇರಿ ಹೆಕ್ಸ್ 4138 ಆಗುತ್ತದೆ. ಕಂಟ್ರೋಲ್ ಟ್ರಾನ್ಸ್‌ಫರಿನಲ್ಲಿ ಹೋಗುವುದು ಈ ಸಂಖ್ಯೆ.

ಅದಕ್ಕಿಂತ ಮಜಾ ಇರುವುದು ಡೇಟಾ ಬರುವ ಕಡೆ. ಈ ಚಿಪ್ ಕಳಿಸುವ ಪ್ರತಿ ಪ್ಯಾಕೆಟ್ಟಿನ ಮೊದಲ ಎರಡು ಬೈಟ್ ನಿಮ್ಮ ಡೇಟಾ ಅಲ್ಲ, ಲೈನಿನ ಸ್ಥಿತಿ. 64 ಬೈಟಿನ ಪ್ಯಾಕೆಟ್ಟಿನಲ್ಲಿ ನಿಮಗೆ ಸಿಗುವುದು 62 ಮಾತ್ರ. ತೂಕ ಏನೂ ಬರದಿದ್ದರೂ ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಆ ಎರಡು ಬೈಟ್ ಬರುತ್ತಲೇ ಇರುತ್ತವೆ. ಹೆಚ್ಚಾಗಿ ಅವು ಹೆಕ್ಸ್ 01 ಮತ್ತು 60. ಹೆಕ್ಸ್ 60 ಅಂದರೆ ಆಸ್ಕಿಯಲ್ಲಿ ಹಿಮ್ಮುಖ ಉದ್ಧರಣ ಚಿಹ್ನೆ, ಕೀಬೋರ್ಡಿನಲ್ಲಿ 1ರ ಎಡಕ್ಕೆ ಇರುವ ಕೀಲಿ. ಲೈಬ್ರರಿ ಬಿಟ್ಟು ನೀವೇ ಬಲ್ಕ್ ಟ್ರಾನ್ಸ್‌ಫರ್ ಮಾಡಿದಾಗ ತೂಕದ ಅಂಕಿಗಳ ನಡುವೆ ಆ ಚಿಹ್ನೆ ಕಂಡರೆ ಯಂತ್ರವನ್ನು ಬೈಯಬೇಡಿ. ಎರಡು ಬೈಟ್ ಕತ್ತರಿಸುವುದು ಬಿಟ್ಟುಹೋಗಿದೆ ಅಷ್ಟೆ.

ಅನುಮತಿ ಕೇಳುವ ಕೋಡಿನಲ್ಲಿ ಒಂದು ಗುಂಡಿ ಇದೆ. ಹಳೆ ಉದಾಹರಣೆ ನೋಡಿ ಬರೆದವರು ಅದರಲ್ಲಿ ಬೀಳುತ್ತಾರೆ. ಅನುಮತಿಯ ಉತ್ತರ ಬರಲು ಒಂದು ಪೆಂಡಿಂಗ್ ಇಂಟೆಂಟ್ (ಸಿಸ್ಟಮ್ ಆಮೇಲೆ ನಿಮ್ಮ ಆ್ಯಪಿಗೆ ವಾಪಸ್ ಕಳಿಸುವ ಸಂದೇಶ) ಕೊಡಬೇಕು. ಆಂಡ್ರಾಯ್ಡ್ 12 ಟಾರ್ಗೆಟ್ ಮಾಡಿದರೆ ಅದು ಬದಲಾಗಬಹುದಾ, ಇಲ್ಲವಾ ಅಂತ ಸ್ಪಷ್ಟವಾಗಿ ಹೇಳಲೇಬೇಕು. ಸುರಕ್ಷಿತ ಅಂತ ಎಲ್ಲರೂ 'ಇಮ್ಯೂಟಬಲ್' ಹಾಕುತ್ತಾರೆ. ಆಗ ಏನಾಗುತ್ತದೆ ಗೊತ್ತಾ? ಬಳಕೆದಾರರು 'ಸರಿ' ಒತ್ತುತ್ತಾರೆ. ಆದರೆ 'ಅನುಮತಿ ಸಿಕ್ಕಿದೆ' ಅನ್ನುವುದನ್ನು ಸಿಸ್ಟಮ್ ಆ ಇಂಟೆಂಟ್ ಒಳಗೆ ತುಂಬಬೇಕು, ಅದು ಬದಲಾಗದ ಇಂಟೆಂಟ್ ಆದ್ದರಿಂದ ತುಂಬಲು ಆಗುವುದಿಲ್ಲ. ನಿಮ್ಮ ಕೋಡಿಗೆ ಯಾವಾಗಲೂ 'ಇಲ್ಲ' ಅಂತಲೇ ಕಾಣುತ್ತದೆ. ಇಲ್ಲಿ 'ಮ್ಯೂಟಬಲ್' ಬೇಕು. ಟಾರ್ಗೆಟ್ ಆಂಡ್ರಾಯ್ಡ್ 14 ಆದರೆ ಅದಕ್ಕೆ ಇನ್ನೊಂದು ಷರತ್ತು: ಒಳಗಿನ ಇಂಟೆಂಟಿಗೆ ನಿಮ್ಮ ಪ್ಯಾಕೇಜ್ ಹೆಸರು ಹಾಕಿರಬೇಕು, ಇಲ್ಲವಾದರೆ ಆ್ಯಪ್ ಅಲ್ಲೇ ಕ್ರ್ಯಾಶ್ ಆಗುತ್ತದೆ.

ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಅನುಮತಿ ಕೇಳಿದರೆ ವ್ಯಾಪಾರಿ ರೇಗುತ್ತಾರೆ. ಕೋಡಿನಿಂದ ಕೇಳಿದ ಅನುಮತಿ ಕೇಬಲ್ ಕಿತ್ತ ಕೂಡಲೇ ಹೋಗುತ್ತದೆ. ಅದರ ಬದಲು ಮ್ಯಾನಿಫೆಸ್ಟ್‌ನಲ್ಲಿ 'ಯುಎಸ್‌ಬಿ ಡಿವೈಸ್ ಅಟ್ಯಾಚ್ಡ್' ಫಿಲ್ಟರ್ ಹಾಕಿ. ಚುಚ್ಚಿದಾಗ ಆಂಡ್ರಾಯ್ಡೇ ನಿಮ್ಮ ಆ್ಯಪ್ ತೆರೆಯಲಾ ಅಂತ ಕೇಳುತ್ತದೆ. ಒಮ್ಮೆ 'ಯಾವಾಗಲೂ' ಅಂತ ಟಿಕ್ ಮಾಡಿದರೆ ಮುಗಿಯಿತು.

ಈಗ ಫ್ಲಟ್ಟರ್ ಕಡೆಗೆ. ಡಾರ್ಟ್ ಮತ್ತು ಕಾಟ್ಲಿನ್ ನಡುವೆ ಪ್ಲಾಟ್‌ಫಾರ್ಮ್ ಚಾನೆಲ್ ಇರುತ್ತದೆ. 'ಜೋಡಿಸು', 'ಬಿಡು' ಎಂಬ ಎರಡು ಆಜ್ಞೆಗೆ ಮೆಥಡ್ ಚಾನೆಲ್ ಸಾಕು. ತೂಕ ಹರಿದು ಬರುವುದಕ್ಕೆ ಈವೆಂಟ್ ಚಾನೆಲ್. ಓದುವ ಕೆಲಸ ಕಾಟ್ಲಿನ್‌ನ ಹಿನ್ನೆಲೆ ಥ್ರೆಡ್ಡಿನಲ್ಲಿ ನಡೆಯಲಿ, ಆದರೆ ಡಾರ್ಟಿಗೆ ಕಳಿಸುವ ಮುನ್ನ ಮುಖ್ಯ ಥ್ರೆಡ್ಡಿಗೆ ಬನ್ನಿ. ಈ ಸೇತುವೆ ಎಷ್ಟು ಕಿರಿದಾಗಿದ್ದರೆ ಅಷ್ಟು ಒಳ್ಳೆಯದು. ಕಚ್ಚಾ ಬೈಟುಗಳನ್ನೆಲ್ಲ ಡಾರ್ಟಿಗೆ ಸುರಿಯಬೇಡಿ. ಒಂದು ಪೂರ್ತಿ ಸಾಲು ಆದ ಮೇಲೆ 'ತೂಕ ಇಷ್ಟು, ನಿಂತಿದೆ ಅಥವಾ ಅಲುಗಾಡುತ್ತಿದೆ' ಅಂತ ಒಂದು ಸಂದೇಶ ಹೋದರೆ ಸಾಕು. ನಾಳೆ ಬ್ಲೂಟೂತ್ ಬಂದಾಗ ಡಾರ್ಟ್ ಕಡೆ ಒಂದು ಅಕ್ಷರವೂ ಬದಲಾಗಬೇಕಿಲ್ಲ. ಸಿದ್ಧ ಫ್ಲಟ್ಟರ್ ಪ್ಯಾಕೇಜುಗಳೂ ಇವೆ. ಪ್ರಯೋಗಕ್ಕೆ ಅವನ್ನು ಬಳಸಿ. ಆದರೆ ಇನ್ನೂರು ಮುನ್ನೂರು ಸಾಲಿನ ಈ ಕಾಟ್ಲಿನ್ ನಿಮ್ಮದೇ ಆಗಿರಲಿ ಅಂತ ನನ್ನ ಸಲಹೆ. ಆಂಡ್ರಾಯ್ಡ್ ನಿಯಮ ಬದಲಾದಾಗ ಪ್ಯಾಕೇಜ್ ಬರೆದವರಿಗೆ ಪುರುಸೊತ್ತು ಸಿಗುವವರೆಗೆ ನಿಮ್ಮ ಗಿರಾಕಿ ಕಾಯುವುದಿಲ್ಲ.

ಪೂರ್ತಿ ಸಾಲು ಅಂದೆನಲ್ಲ, ಹೊಸಬರ ಕೋಡ್ ಅಲ್ಲೇ ಎಡವುವುದು. ಯಂತ್ರ ಒಂದು ಸಾಲು ಕಳಿಸಿದರೆ ಅದು ಒಂದೇ ಸಲಕ್ಕೆ ಬರುತ್ತದೆ ಅನ್ನುವ ಭರವಸೆ ಇಲ್ಲ. '0048.' ಒಂದು ಓದಿನಲ್ಲಿ, '35' ಮುಂದಿನ ಓದಿನಲ್ಲಿ ಬರಬಹುದು. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಸರಿಯಾಗೇ ಕಾಣುತ್ತದೆ. ಮಂಡಿಯಲ್ಲಿ 48.35 ಕಿಲೋದ ಚಾಲಿ ಅಡಿಕೆ ಚೀಲ 48 ಕಿಲೋ ಆಗುತ್ತದೆ, ಇಲ್ಲವೇ ಬರೀ 35. ಬಂದದ್ದನ್ನು ಬಫರಿಗೆ ಸೇರಿಸುತ್ತಾ ಹೋಗಿ. ಸಾಲಿನ ಕೊನೆಯ ಗುರುತು ಸಿಕ್ಕಾಗ ಮಾತ್ರ ಬಿಡಿಸಿ. ಉದ್ದ ಹೊಂದದ ಸಾಲನ್ನು ಮುಲಾಜಿಲ್ಲದೆ ಎಸೆಯಿರಿ, ಅರೆ ಕ್ಷಣದಲ್ಲಿ ಇನ್ನೊಂದು ಬರುತ್ತದೆ. ಆ್ಯಪ್ ತೆರೆದ ಕೂಡಲೇ ಸಿಗುವ ಮೊದಲ ಸಾಲು ಅರ್ಧದಿಂದ ಶುರುವಾಗಿರುವುದೇ ಹೆಚ್ಚು.

ಕೆಲವು ಯಂತ್ರಗಳು ಸಾಲಿನ ಶುರುವಿನಲ್ಲಿ ತೂಕ ನಿಂತಿದೆಯಾ ಅಂತ ಹೇಳುತ್ತವೆ, 'ಎಸ್‌ಟಿ' ಅಂದರೆ ನಿಂತಿದೆ, 'ಯುಎಸ್' ಅಂದರೆ ಇನ್ನೂ ಓಲಾಡುತ್ತಿದೆ ಎಂಬಂತೆ. ನಿಮ್ಮ ಯಂತ್ರ ಹೇಳದಿದ್ದರೆ, ಸತತವಾಗಿ ಬಂದ ನಾಲ್ಕೈದು ಸಾಲು ಒಂದೇ ಆಗಿದ್ದರೆ ಮಾತ್ರ 'ಬಿಲ್ಲಿಗೆ ಹಾಕು' ಬಟನ್ ಜೀವಂತವಾಗಲಿ. ತೂಕವನ್ನು ಡಬಲ್‌ನಲ್ಲಿ (ದಶಮಾಂಶ ಸಂಖ್ಯೆಯ ಬಗೆ) ಇಡಬೇಡಿ, ಗ್ರಾಂ ಲೆಕ್ಕದಲ್ಲಿ ಪೂರ್ಣಾಂಕ ಇಡಿ. ಕ್ವಿಂಟಲಿಗೆ ಹತ್ತಾರು ಸಾವಿರ ರೂಪಾಯಿಯ ಮಾಲಿನಲ್ಲಿ ದಶಮಾಂಶದ ಜಗಳ ಬೇಡ.

ಕೇಬಲ್ ಸಡಿಲವಾದಾಗ ಏನಾಗಬೇಕು ಅಂತಲೂ ಯೋಚಿಸಿ. ಬಲ್ಕ್ ಟ್ರಾನ್ಸ್‌ಫರ್ ಡೇಟಾ ಬರದಿದ್ದರೂ ಮೈನಸ್ 1 ಕೊಡುತ್ತದೆ, ಕೇಬಲ್ ಕಿತ್ತರೂ ಮೈನಸ್ 1 ಕೊಡುತ್ತದೆ. 'ಡಿಟ್ಯಾಚ್ಡ್' ಸೂಚನೆಯನ್ನು ಬೇರೆಯಾಗಿ ಕೇಳಿಸಿಕೊಳ್ಳಿ. ಅದಕ್ಕಿಂತ ಮುಖ್ಯ, ಒಂದು ಸೆಕೆಂಡ್ ಹೊಸ ಸಾಲು ಬರದಿದ್ದರೆ ಪರದೆಯ ತೂಕ ಅಳಿಸಿ ಅಡ್ಡಗೆರೆ ತೋರಿಸಿ. ಹಿಂದಿನ ಚೀಲದ ತೂಕ ಪರದೆಯಲ್ಲಿ ಹಾಗೇ ಉಳಿದು ಮುಂದಿನ ರೈತರ ಬಿಲ್ಲಿಗೆ ಹೋದರೆ, ಅದನ್ನು ಯಾರೂ ಸಾಫ್ಟ್‌ವೇರ್ ದೋಷ ಅನ್ನುವುದಿಲ್ಲ. ಮೋಸ ಅನ್ನುತ್ತಾರೆ.

ಡೀಬಗ್ ಮಾಡುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಮೊದಲ ದಿನವೇ ಸಿಕ್ಕಿಬೀಳುತ್ತೀರಿ. ಫೋನಿನ ಒಂದೇ ಪೋರ್ಟಿಗೆ ತೂಕದ ಯಂತ್ರ ಚುಚ್ಚಿದರೆ ಲ್ಯಾಪ್‌ಟಾಪಿಗೆ ಎಲ್ಲಿಂದ ಜೋಡಿಸುವುದು? ಆಂಡ್ರಾಯ್ಡ್ 11ರಿಂದ ವೈರ್‌ಲೆಸ್ ಡೀಬಗಿಂಗ್ ಸೆಟ್ಟಿಂಗ್‌ನಲ್ಲೇ ಇದೆ. ಒಂದೇ ವೈಫೈನಲ್ಲಿದ್ದು ಕೋಡ್ ಹಾಕಿ ಜೋಡಿಸಿದರೆ ಲಾಗ್ ಎಲ್ಲಾ ಬರುತ್ತದೆ. ಅದಕ್ಕೂ ಮೊದಲು ಪ್ಲೇ ಸ್ಟೋರಿನಿಂದ ಯಾವುದಾದರೂ ಯುಎಸ್‌ಬಿ ಸೀರಿಯಲ್ ಟರ್ಮಿನಲ್ ಆ್ಯಪ್ ಹಾಕಿ ತೂಕ ಬರುತ್ತದಾ ನೋಡಿ. ಅದರಲ್ಲೂ ಬರದಿದ್ದರೆ ತೊಂದರೆ ಕೇಬಲ್ಲಿನದ್ದು, ಬಾಡ್ ರೇಟಿನದ್ದು, ಅಥವಾ ಫೋನಿನ ಓಟಿಜಿಯದ್ದು. ಕೆಲವು ಫೋನುಗಳಲ್ಲಿ ಓಟಿಜಿಗೆ ಬೇರೆ ಸ್ವಿಚ್ ಇರುತ್ತದೆ, ಸ್ವಲ್ಪ ಹೊತ್ತು ಬಳಸದಿದ್ದರೆ ತಾನೇ ಆಫ್ ಆಗುತ್ತದೆ. ಕೋಡಿನಿಂದ ಅದನ್ನು ಆನ್ ಮಾಡಲು ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಜಾಗದಲ್ಲಿ ನಾನಿದ್ದರೆ ಕೊನೆಗೆ ಓಟಿಜಿ ಇಟ್ಟುಕೊಳ್ಳುವುದಿಲ್ಲ. ಕಾರಣ ಸರಳ. ಫೋನ್ ಹೋಸ್ಟ್ ಆದಾಗ ಕನ್ವರ್ಟರಿಗೆ ಕರೆಂಟ್ ಕೊಡುವುದೂ ಅದೇ. ಸಾಮಾನ್ಯ ಓಟಿಜಿ ಕೇಬಲ್ಲಿನಲ್ಲಿ ಆ ಹೊತ್ತಿಗೆ ಚಾರ್ಜ್ ಆಗುವುದಿಲ್ಲ. ಸುಗ್ಗಿಯಲ್ಲಿ ಬೆಳಗಿಂದ ಸಂಜೆವರೆಗೆ ತೂಕ ನಡೆಯುವ ಜಾಗ ಅದು. ಜೊತೆಗೆ ಮಗನ ಐಫೋನ್ ಬೇರೆ.

ಐಫೋನ್ ವಿಷಯ ನೇರವಾಗಿ ಹೇಳುತ್ತೇನೆ: ಈ ಕೇಬಲ್ ಅದರಲ್ಲಿ ನಡೆಯುವುದಿಲ್ಲ. 2023ರ ಐಫೋನ್ 15ರಿಂದ ಟೈಪ್-ಸಿ ಬಂದಿದೆ ನಿಜ. ಪೋರ್ಟಿನ ಆಕಾರ ಬದಲಾಗಿದೆ, ನಿಯಮ ಬದಲಾಗಿಲ್ಲ. ಪೆನ್‌ಡ್ರೈವ್, ಮೈಕ್, ಈಥರ್ನೆಟ್ ಅಡಾಪ್ಟರ್ ನಡೆಯುತ್ತವೆ, ಯಾಕೆಂದರೆ ಅವಕ್ಕೆ ಐಓಎಸ್ ಒಳಗೇ ಡ್ರೈವರ್ ಇದೆ. ಆಂಡ್ರಾಯ್ಡಿನ ಯುಎಸ್‌ಬಿ ಹೋಸ್ಟ್ ಥರದ ಎಪಿಐ ಐಫೋನ್ ಆ್ಯಪ್‌ಗಳಿಗೆ ಇಲ್ಲ. ಎಂ1 ಅಥವಾ ಅದಕ್ಕಿಂತ ಹೊಸ ಚಿಪ್ ಇರುವ ಐಪ್ಯಾಡುಗಳಲ್ಲಿ, ಐಪ್ಯಾಡ್‌ಓಎಸ್ 16ರಿಂದ, ಡ್ರೈವರ್‌ಕಿಟ್ ಬಳಸಿ ಡ್ರೈವರ್ ಬರೆಯಬಹುದು. ಐಫೋನಿಗೆ ಅದೂ ಇಲ್ಲ. ಕೇಬಲ್ ಮೂಲಕ ಆ್ಯಪ್ ಜೊತೆ ಮಾತಾಡುವ ಉಪಕರಣ ಮಾಡಲು ಉಪಕರಣಗಳಿಗೆ ಪರವಾನಗಿ ಕೊಡುವ ಆಪಲ್‌ನ ಎಂಎಫ್‌ಐ ಕಾರ್ಯಕ್ರಮಕ್ಕೆ ತಯಾರಕರೇ ಸೇರಬೇಕು. ಹಳೆ ಬಗೆಯ ಬ್ಲೂಟೂತ್ ಸೀರಿಯಲ್‌ಗೂ, ಅಂದರೆ ಎಲ್ಲರ ಹತ್ತಿರ ಇರುವ ಎಚ್‌ಸಿ-05 ಮಾಡ್ಯೂಲಿಗೂ, ಐಫೋನಿನಲ್ಲಿ ಇದೇ ಗತಿ. ಇಲ್ಲಿ ಕಿಟಕಿಯೇ ಇಲ್ಲ. ಹಾಗಿದ್ದಾಗ ಕೋಡ್ ಜೊತೆ ಗುದ್ದಾಡುವುದು ಬಿಟ್ಟು ಹಾರ್ಡ್‌ವೇರನ್ನೇ ಬದಲಿಸಬೇಕು.

ಎರಡೂ ಕಡೆ ತೆರೆದಿರುವುದು ಬ್ಲೂಟೂತ್ ಲೋ ಎನರ್ಜಿ, ಬಿಎಲ್‌ಇ. ಐಓಎಸ್ 5ರಿಂದ ಕೋರ್ ಬ್ಲೂಟೂತ್ ಇದೆ, ಆಂಡ್ರಾಯ್ಡ್ 4.3ರಿಂದ ಅಲ್ಲೂ ಇದೆ. ಬ್ಲೂಟೂತ್ ಇರುವ ಒಂದು ಇಎಸ್‌ಪಿ32 ಬೋರ್ಡ್, ಆರ್‌ಎಸ್-232 ವೋಲ್ಟೇಜನ್ನು ಅದಕ್ಕೆ ಹೊಂದಿಸುವ ಒಂದು ಮ್ಯಾಕ್ಸ್3232 ಲೆವೆಲ್ ಕನ್ವರ್ಟರ್, ಒಂದು ಹಳೆ ಮೊಬೈಲ್ ಚಾರ್ಜರ್. ಎಲ್ಲಾ ಸೇರಿ ಕೆಲವು ನೂರು ರೂಪಾಯಿ. ತೂಕದ ಯಂತ್ರದ ಪೋರ್ಟಿಗೆ ಅದನ್ನು ಜೋಡಿಸಿ. ಅದು ಸೀರಿಯಲ್ ಓದಿ, ಸಾಲು ಪೂರ್ತಿ ಆದ ಮೇಲೆ ನೋಟಿಫಿಕೇಶನ್ ಆಗಿ (ಬೋರ್ಡ್ ತಾನಾಗಿ ಆ್ಯಪಿಗೆ ಕಳಿಸುವ ಬಿಎಲ್‌ಇ ಸಂದೇಶ) ಕಳಿಸಲಿ. ಗೆಳೆಯರ ಸಿ++ ಜ್ಞಾನಕ್ಕೆ ಸರಿಯಾದ ಜಾಗ ಈ ಚಿಕ್ಕ ಬೋರ್ಡು. ಅಲ್ಲಿ ಪಿನ್ನು, ಗಡಿಯಾರ, ಮೆಮೊರಿ ಎಲ್ಲಾ ಅವರದೇ.

ಬಿಎಲ್‌ಇಯಲ್ಲಿ ಕಾಡುವ ಸಂಗತಿಗಳು ಬೇರೆ. ಮೊದಲಿಗೆ ಒಂದು ಪ್ಯಾಕೆಟ್ಟಿನಲ್ಲಿ ನಿಮ್ಮ ಡೇಟಾಗೆ ಸಿಗುವುದು 20 ಬೈಟ್ ಮಾತ್ರ. ಕೇಳಿಕೊಂಡರೆ ಹೆಚ್ಚಿಸಬಹುದು, ಆದರೆ ನಿಮ್ಮ 18 ಅಕ್ಷರ ಇದರಲ್ಲೇ ಹಿಡಿಯುತ್ತದೆ. ಸುಮ್ನೆ ಹೆಚ್ಚಿಸಲು ಹೋಗಬೇಡಿ. ಆಂಡ್ರಾಯ್ಡ್‌ನಲ್ಲಿ ಒಂದು ಕೆಲಸ ಮುಗಿದ ಕಾಲ್‌ಬ್ಯಾಕ್ ಬರುವ ಮುಂಚೆ ಇನ್ನೊಂದು ಕೆಲಸ ಕೊಟ್ಟರೆ ಎರಡನೆಯದು ಸದ್ದಿಲ್ಲದೆ ಬಿದ್ದುಹೋಗಬಹುದು. ನಿಮ್ಮದೇ ಒಂದು ಸರತಿ ಸಾಲು ಇಟ್ಟುಕೊಳ್ಳಿ. ನೋಟಿಫಿಕೇಶನ್ ಆನ್ ಮಾಡಲು ಎಪಿಐ ಕರೆದರಷ್ಟೇ ಆಗುವುದಿಲ್ಲ, ಅದನ್ನು ಆನ್ ಆಫ್ ಮಾಡುವ 2902 ಡಿಸ್ಕ್ರಿಪ್ಟರಿಗೂ ಬರೆಯಬೇಕು. ಐಓಎಸ್‌ನಲ್ಲಿ ಅದು ತಾನೇ ಆಗುತ್ತದೆ. ಹಾಗಾಗಿ 'ಐಫೋನಿನಲ್ಲಿ ತೂಕ ಬರುತ್ತೆ, ಆಂಡ್ರಾಯ್ಡ್‌ನಲ್ಲಿ ಬರಲ್ಲ' ಅನ್ನುವ ದೂರಿಗೆ ಇದೇ ಮೊದಲ ಅನುಮಾನ. ಜೋಡಣೆ ಬಿದ್ದಾಗ ಆಂಡ್ರಾಯ್ಡ್ ಕೊಡುವ 133 ಅನ್ನುವ ಎರರ್ ಏನನ್ನೂ ವಿವರಿಸುವುದಿಲ್ಲ. ಹಳೆ ಕನೆಕ್ಷನ್ ಪೂರ್ತಿ ಮುಚ್ಚಿ, ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸುವುದೇ ಅದಕ್ಕೆ ಮದ್ದು.

ಅನುಮತಿ ಇಲ್ಲೂ ಎರಡು ಥರ. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಸ್ಕ್ಯಾನ್ ಮತ್ತು ಕನೆಕ್ಟ್ ಅಂತ ಬೇರೆ ಅನುಮತಿಗಳಿವೆ. ಆಂಡ್ರಾಯ್ಡ್ 6ರಿಂದ 11ರವರೆಗಿನ ಫೋನುಗಳಲ್ಲಿ ಸ್ಕ್ಯಾನ್ ಮಾಡಲು ಲೊಕೇಶನ್ ಅನುಮತಿ ಬೇಕು. ತೂಕದ ಆ್ಯಪ್ ಲೊಕೇಶನ್ ಯಾಕೆ ಕೇಳುತ್ತಿದೆ ಅಂತ ವ್ಯಾಪಾರಿ ಕೇಳಿಯೇ ಕೇಳುತ್ತಾರೆ, ಪರದೆಯಲ್ಲೇ ಒಂದು ಸಾಲು ಕನ್ನಡದಲ್ಲಿ ವಿವರಿಸಿ. ಐಓಎಸ್‌ನಲ್ಲಿ ಬ್ಲೂಟೂತ್ ಯಾಕೆ ಬೇಕು ಅನ್ನುವ ವಿವರಣೆಯನ್ನು ಇನ್ಫೋ ಫೈಲಿನಲ್ಲಿ ಬರೆಯದಿದ್ದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ.

ಮಂಡಿಯಲ್ಲಿ ಒಂದರ ಪಕ್ಕ ಒಂದು ಯಂತ್ರ ಇರುತ್ತದೆ. ಎಲ್ಲಾ ಬೋರ್ಡುಗಳಿಗೂ 'ಸ್ಕೇಲ್' ಅಂತ ಒಂದೇ ಹೆಸರು ಕೊಟ್ಟರೆ ಪಕ್ಕದ ಅಂಗಡಿಯ ಚೀಲದ ತೂಕ ಇಲ್ಲಿಗೆ ಬಂದೀತು. ಪ್ರತಿ ಬೋರ್ಡಿಗೂ ನಂಬರ್ ಇರಲಿ. ಅದೇ ನಂಬರನ್ನು ಯಂತ್ರದ ಮೇಲೆ ಅಂಟಿಸಿ, ಬಿಲ್ಲಿನ ಪರದೆಯಲ್ಲೂ ದೊಡ್ಡದಾಗಿ ತೋರಿಸಿ. ಒಮ್ಮೆ ಜೋಡಿಸಿದ ಫೋನುಗಳಿಗೆ ಬಿಟ್ಟು ಬೇರೆಯವಕ್ಕೆ ಬೋರ್ಡ್ ಉತ್ತರ ಕೊಡದಂತೆ ಮಾಡಿದರೆ ಇನ್ನೂ ಒಳ್ಳೆಯದು. ಹಿನ್ನೆಲೆ ಸರ್ವಿಸ್ ಗೊಡವೆಗೆ ಹೋಗಬೇಡಿ. ತೂಕ ಮಾಡುವಾಗ ಮನುಷ್ಯ ಪರದೆ ನೋಡುತ್ತಲೇ ಇರುತ್ತಾನೆ. ಪರದೆ ಆರದಂತೆ ಒಂದು ಫ್ಲ್ಯಾಗ್ ಹಾಕಿದರೆ ಸಾಕು.

ಕೊನೆಗೆ ಐಎಂಇಐ. ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪಿಗೆ ಅದು ಸಿಗುವುದಿಲ್ಲ. ಫೋನ್ ತಯಾರಕರು, ಮೊಬೈಲ್ ಕಂಪನಿಗಳ ವಿಶೇಷ ಆ್ಯಪ್‌ಗಳಂಥವಕ್ಕೆ ಮಾತ್ರ ಆ ಅನುಮತಿ. ಐಓಎಸ್‌ನಲ್ಲಿ ಸಾರ್ವಜನಿಕ ಎಪಿಐಯಲ್ಲಿ ಅದು ಇಲ್ಲವೇ ಇಲ್ಲ. ವೈಫೈ ಮ್ಯಾಕ್ ವಿಳಾಸ ಹಿಡಿಯೋಣ ಅಂದರೆ ಆಂಡ್ರಾಯ್ಡ್ 6ರಿಂದ ಎಲ್ಲಾ ಫೋನುಗಳಲ್ಲೂ 02 ಮತ್ತು ಸೊನ್ನೆಗಳ ಒಂದೇ ಸುಳ್ಳು ವಿಳಾಸ ಬರುತ್ತದೆ. ಆಂಡ್ರಾಯ್ಡ್ ಐಡಿ ಅನ್ನುವುದೊಂದು ಇದೆ. ಆಂಡ್ರಾಯ್ಡ್ 8ರಿಂದ ಅದು ನಿಮ್ಮ ಆ್ಯಪಿನ ಸೈನಿಂಗ್ ಕೀ ಪ್ರಕಾರ ಬೇರೆ ಬೇರೆ ಆಗಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಬದಲಾಗುತ್ತದೆ. ನಿಮ್ಮ ಲೈಸೆನ್ಸಿಗೆ ಅದು ಸಾಕು: ವ್ಯಾಪಾರಿಯ ಮೊಬೈಲ್ ನಂಬರಿಗೆ ಓಟಿಪಿ ಕಳಿಸಿ ಲಾಗಿನ್ ಮಾಡಿಸಿ, ಆ ಖಾತೆಗೆ ಒಂದು ಆಂಡ್ರಾಯ್ಡ್ ಐಡಿಯನ್ನು ಸರ್ವರಿನಲ್ಲಿ ಕಟ್ಟಿ. ಬಿಎಲ್‌ಇ ದಾರಿ ಹಿಡಿದರೆ ಇನ್ನೂ ಸುಲಭ. ಬೋರ್ಡ್ ನಿಮ್ಮದೇ ಆದ್ದರಿಂದ ಲೈಸೆನ್ಸನ್ನು ಬೋರ್ಡಿನ ನಂಬರಿಗೇ ಕಟ್ಟಿ, ಆಗ ಅಪ್ಪನ ಆಂಡ್ರಾಯ್ಡ್, ಮಗನ ಐಫೋನ್ ಎರಡೂ ಒಂದೇ ಲೈಸೆನ್ಸಿನಲ್ಲಿ ನಡೆಯುತ್ತವೆ. ಯಾವ ದಾರಿ ಹಿಡಿದರೂ 'ಫೋನ್ ಬದಲಾಯಿಸಿದ್ದೇನೆ' ಅನ್ನುವ ಬಟನ್ ಒಂದು ಇರಲಿ. ಇಲ್ಲದಿದ್ದರೆ ಫೋನ್ ನೀರಿಗೆ ಬಿದ್ದ ದಿನ, ಮಂಡಿಯಲ್ಲಿ ಚೀಲ ಸಾಲಾಗಿ ನಿಂತಿರುವಾಗ, ನಿಮಗೇ ಕರೆ ಬರುತ್ತದೆ.